ಅಕ್ಕ ಮತ್ತು ಆರು ಕಪ್ಪು ಮೀನು

ಮೊನ್ನೆ ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸಾಲಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಅರ್ಧ ನೀರು, ಅರ್ಧ ಗಾಳಿ, ನಡುವೆ ಕಿತ್ತಳೆ ಬಣ್ಣದ ಎರಡು ಮೀನು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಆಕೆ ಎರಡೂ ಕೈಯಿಂದ ಚೀಲವನ್ನು ಮೇಲೆತ್ತಿ ಹಿಡಿಯುತ್ತಿದ್ದರು. ಅವರ ಪಕ್ಕದಲ್ಲಿ ಕೂತಿದ್ದ, ತಲೆಗೆ ಪಟಗ ಸುತ್ತಿದ್ದ ಅಜ್ಜ ಒಂದು ಗೇಣು ಸರಿದು, ಮೂಗಿಗೆ ಧೋತರದ ಚುಂಗು ಹಿಡಿದುಕೊಂಡು, “ಇವನ್ನ ಸಾಕಾಕ ಒಯ್ಯತಿಯೋ, ತಿನ್ನಾಕೋ?” ಎಂದು ಕೇಳಿದ. ಆಕೆ ಚೀಲದ ಬಾಯಿಯ ಗಂಟು ಬಿಗಿಮಾಡಿಕೊಂಡರು.

ನನಗೆ ಸುಮ್ಮನಿರಲಾಗಲಿಲ್ಲ. ಬಗ್ಗಿ ಕೇಳಿದೆ: “ತಂಗಿ, ಮನ್ಯಾಗ ಟ್ಯಾಂಕಿಗೆ ನೀರ ತುಂಬಿಸಿಟ್ಟು ಎಷ್ಟ ದಿನ ಆತವಾ?”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಂತರ ಚೀಲವನ್ನು ಕಿಟಕಿಯ ಕಡೆಗೆ ಸರಿಸಿಕೊಂಡು ಸೆರಗು ಮುಚ್ಚಿದರು. ಈ ಮುದುಕನಿಗೆ ನನ್ನ ಮೀನಿನ ಉಸಾಬರಿ ಯಾಕೆ, ಇವನ ಮನಸ್ಸಿನಲ್ಲಿ ಏನೋ ಇದೆ ಎಂಬ ನೋಟ ಅದು. ನನಗೆ ಕೋಪ ಬರಲಿಲ್ಲ, ನಗು ಬಂತು. ಯಾಕೆಂದರೆ ಆ ನೋಟವನ್ನು ಮೂವತ್ತು ವರ್ಷ ನಾನು ಊರ ಮಂದಿಗೆಲ್ಲ ಹಂಚಿದವನು. ಈಗ ಒಂದು ನನಗೂ ಬಂತು, ಅಷ್ಟೇ.

ನಾನು ಸಾರಿಗೆ ಸಂಸ್ಥೆಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ದಾರಿಯ ನಡುವೆ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ ಹಿಂದಿನ ಬಾಗಿಲಿನಿಂದ ಹತ್ತುತ್ತಾರಲ್ಲ, ಅವರನ್ನು ಕಂಡೊಡನೆ ಕಂಡಕ್ಟರನ ಮುಖ ಸಣ್ಣಗಾಗುತ್ತದಲ್ಲ, ಅವನೇ ನಾನು. ಈ ಕೆಲಸದಲ್ಲಿ ಒಂದು ರೋಗ ಅಂಟಿಕೊಳ್ಳುತ್ತದೆ. ಟಿಕೆಟ್ ಇದ್ದವನು ಕಿಸೆಯಲ್ಲಿ ಹುಡುಕಾಡುತ್ತಾನೆ, ಇಲ್ಲದವನು ಬಹಳ ಶಾಂತವಾಗಿ ಹೊಲ ನೋಡುತ್ತಾನೆ ಎಂಬುದು ನಾನು ಕಂಡುಕೊಂಡ ಸತ್ಯವಾಗಿತ್ತು. ಹಾಗಾಗಿ ಹೊಲ ನೋಡುವವರನ್ನೆಲ್ಲ ನಾನು ನಂಬುತ್ತಿರಲಿಲ್ಲ. ಮಳೆ ಬಂದ ಮೇಲೆ ಕಡಲೆ ಹೊಲ ಹೇಗೆ ಕಾಣುತ್ತದೆ ಎಂದು ನೋಡುವ ಪಾಪದ ರೈತರಿಗೂ ನನ್ನಿಂದ ತೊಂದರೆ ಆಗಿದೆ. ಹುಡುಕಾಡುವವರನ್ನಾದರೂ ನಂಬುತ್ತಿದ್ದೆನೇ ಎಂದು ಕೇಳುತ್ತೀರಿ. ಇಲ್ಲ. ಅವರು ನಾಟಕ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ನಿವೃತ್ತಿಯ ದಿನ ಡಿಪೋದವರು ಶಾಲು ಹೊದಿಸಿ, ಹಾರ ಹಾಕಿ, ಕೊನೆಗೆ ದೊಡ್ಡದೊಂದು ರಟ್ಟಿನ ಡಬ್ಬಿ ಕೊಟ್ಟರು. ಎಲ್ಲರಿಗೂ ಗೋಡೆ ಗಡಿಯಾರ ಕೊಡುವ ರೂಢಿ. ನನಗೆ ಮಾತ್ರ ಮೀನು ಸಾಕುವ ಗಾಜಿನ ಟ್ಯಾಂಕು. “ಸಾಹೇಬ್ರ, ಮನ್ಯಾಗ ಕುಂತ ಆರಾಮ ನೋಡ್ಕೋತ ಇರ್ರಿ” ಎಂದರು. ನನಗೆ ಆಗಲೇ ಸಂಶಯ. ಯಾರೋ ತಮ್ಮ ಮನೆಯಲ್ಲಿ ಬೇಡಾದದ್ದನ್ನು ನನಗೆ ಸಾಗಿಸಿದ್ದಾರೆ ಎಂದು ಮನೆಗೆ ಬಂದವನೇ ಗಾಜಿಗೆ ಟಾರ್ಚ್ ಹಿಡಿದು ನೋಡಿದೆ. ಒಂದು ಮೂಲೆಯಲ್ಲಿ ಸಣ್ಣ ಗೀರು ಸಿಕ್ಕಿತು. ಸಿಕ್ಕ ಮೇಲೆ ಸಮಾಧಾನವಾಯಿತು.

ಆಗ ನಮ್ಮ ಮನೆಯಲ್ಲಿ ಮೂವರು. ನಾನು, ನನ್ನ ಹೆಂಡತಿ ಶಾಂತಾ, ನನ್ನ ಅಕ್ಕ ಗಂಗವ್ವ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ನಾಲ್ಕರ ಕೂಸು, ಎತ್ತಿ ಬೆಳೆಸಿದ್ದು ಅಕ್ಕ. ಅವಳನ್ನು ಕಲಘಟಗಿ ಕಡೆಯ ತಂಬೂರು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮಗಳು ಮಹಾದೇವಿಯ ಜೊತೆ ಅಲ್ಲೇ ಇದ್ದಳು. ಒಮ್ಮೆ ಮೊಣಕಾಲು ನೋವಿಗೆ ಔಷಧ ತೆಗೆದುಕೊಳ್ಳಲು, “ನಾಕ ದಿನ ಇದ್ದ ಹೋಗತೇನಿ” ಎಂದು ನಮ್ಮ ಮನೆಗೆ ಬಂದವಳು, ಆರು ವರ್ಷವಾದರೂ ಇಲ್ಲೇ ಇದ್ದಳು. ಮಾತು ಕಡಿಮೆ. ಹೇಳಬೇಕಾದದ್ದನ್ನು ಒಮ್ಮೆ ಹೇಳುತ್ತಾಳೆ. ಕೇಳಿಸದಿದ್ದರೆ ಅದು ನಮ್ಮ ಕಿವಿಯ ದೋಷ.

ಟ್ಯಾಂಕು ನೋಡಿ ಅವಳು, “ಇದರಾಗ ಏನ ಹಾಕ್ತಿ? ಉಪ್ಪಿನಕಾಯಿಯೇನ?” ಎಂದು ಕೇಳಿದಳು.

“ಮೀನಕ್ಕಾ.”

ಅವಳ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೀನು ಎಂಬ ಶಬ್ದವೇ ಅಡುಗೆಮನೆಯ ತನಕ ಬಂದದ್ದಿಲ್ಲ. “ಜೀವ ಹಿಡದ ತಂದು ಗಾಜಿನಾಗ ಕೂಡಿ ಹಾಕೂದು ಚೊಲೊ ಅಲ್ಲ ತಮ್ಮಾ” ಎಂದಳು. ಅಷ್ಟೇ. ಆ ವಾಕ್ಯವನ್ನು ನಾನು ಮರೆಯಲಿಲ್ಲ. ಮುಂದೆ ಅದು ನನಗೆ ಸಾಕ್ಷಿಯಾಗಿ ಬೇಕಾಯಿತು. ಹೇಗೆ ಎಂದು ಹೇಳುತ್ತೇನೆ.

ನಮ್ಮ ಅಣ್ಣಿಗೇರಿಯಲ್ಲಿ ಸಾಕುವ ಮೀನು ಸಿಗುವುದು ಒಬ್ಬರ ಬಳಿ ಮಾತ್ರ, ಮಾಬುಸಾಬರ ಬಳಿ. ಅವರದು ಹೊಲಿಗೆ ಮಷಿನ್ ರಿಪೇರಿಯ ಕೆಲಸ. ಮುಂದಿನ ಕೋಣೆಯಲ್ಲಿ ಬಿಚ್ಚಿಟ್ಟ ಮಷಿನ್ನುಗಳು, ಎಣ್ಣೆಯ ವಾಸನೆ, ಗೋಡೆಗುಂಟ ಏಳೆಂಟು ಗಾಜಿನ ಟ್ಯಾಂಕು. ಮೀನು ಅವರ ಹವ್ಯಾಸ, ಕೇಳಿದವರಿಗೆ ಕೊಡುತ್ತಿದ್ದರು. ನಾನು ಹೋಗಿ ಕಿತ್ತಳೆ ಬಣ್ಣದ ಮೀನು ಮೂರು ಬೇಕು ಎಂದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ವಿಚಾರಿಸತೊಡಗಿದರು.

“ಟ್ಯಾಂಕ್ ಎಷ್ಟ ದೊಡ್ಡದೈತ್ರಿ?”

ಕೈಯಲ್ಲಿ ತೋರಿಸಿದೆ.

“ನೀರ ಯಾವುದು? ನಳಾದ್ದೋ ಬೋರಿನ್ದೋ?”

“ಎರಡೂ ಅದಾವ.”

“ನೀರ ತುಂಬಿಸಿ ಎಷ್ಟ ದಿನ ಆತು?”

“ಮೀನ ಒಯ್ದ ಮ್ಯಾಲ ತುಂಬಸೂದ್ರಿ. ಖಾಲಿ ನೀರ ನೋಡ್ಕೋತ ಕುಂದರಾಕ ನನಗೇನ ಹುಚ್ಚೇನ?”

“ಹಂಗಾರ ಇವತ್ತ ಮೀನ ಕೊಡಂಗಿಲ್ರಿ” ಎಂದು ಅವರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. “ನೀರ ತುಂಬಸ್ರಿ, ತಳಕ್ಕ ಉಸುಕ ತೊಳದ ಹಾಕ್ರಿ, ಗಾಳಿ ಪಂಪ ಹಚ್ರಿ. ಹದಿನೈದ ಇಪ್ಪತ್ತ ದಿನ ಹಂಗ ಬಿಡ್ರಿ. ನೀರಿಗೂ ರೂಢಿ ಆಗಬೇಕಾಗ್ತದ. ಮತ್ತ ಈ ಬಂಗಾರ ಬಣ್ಣದ್ದ ನಿಮಗ ಬ್ಯಾಡ್ರಿ. ಅದಕ್ಕ ಜಾಗಾ ಭಾಳ ಬೇಕು, ಹೊಲಸೂ ಭಾಳ ಮಾಡತೈತಿ. ನಮ್ಮೂರ ಸವಳ ನೀರಿಗೆ ಮೋಲಿ ಅನ್ನೂ ಸಣ್ಣ ಮೀನ ಚೊಲೊ. ಹೊಸದಾಗಿ ಸಾಕಾವ್ರಿಗೆ ಅದ ಅಡ್ಡಿ ಇಲ್ಲ.”

ಮಾರುವವನು ಮಾರುವುದಿಲ್ಲ ಎನ್ನುತ್ತಾನೆ! ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೀಗೆ ಯಾರೂ ಅಂದಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಇದರಲ್ಲಿ ಆ ಮನುಷ್ಯನಿಗೆ ಏನು ಲಾಭ ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದ ಮೇಲೆ ದೊಡ್ಡದೇ ಇರಬೇಕು ಎಂದು ತೀರ್ಮಾನಿಸಿದೆ. ಮರುದಿನ ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋಗಿ ಒಂದು ಅಂಗಡಿಯಿಂದ ಮೂರು ಗೋಲ್ಡ್ ಫಿಶ್ ತಂದೆ. ಬಸ್ಸಿನಲ್ಲಿ ಮಂದಿ ನನ್ನನ್ನು ಹೇಗೆ ನೋಡಿದರು ಎಂದು ಬೇರೆ ಹೇಳುವುದು ಬೇಡ. ಸಂಜೆಯೊಳಗೆ ಎದುರು ಮನೆಯವರು ಶಾಂತಾಳನ್ನು ಕೇಳಿದ್ದರು: “ಯಕ್ಕಾ, ಸಾಹೇಬ್ರು ರಿಟೈರ್ ಆದ ಮ್ಯಾಲ ಮೀನ ತಿನ್ನಾಕ ಹತ್ಯಾರಂತಲ್ಲ?”

ಶುದ್ಧ ನೀರಿನ ಘಟಕದಿಂದ ಕ್ಯಾನು ಕ್ಯಾನು ನೀರು ತಂದು ಟ್ಯಾಂಕು ತುಂಬಿಸಿದೆ. ನಾವು ಕುಡಿಯುವುದಕ್ಕಿಂತ ಒಳ್ಳೆಯ ನೀರು. ದಿನಾ ಬೆಳಿಗ್ಗೆ ಅಷ್ಟೂ ನೀರು ಚೆಲ್ಲಿ, ಉಸುಕನ್ನು ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು ಮತ್ತೆ ತುಂಬಿಸುತ್ತಿದ್ದೆ. ಮೂರನೆಯ ದಿನ ಒಂದು ಮೀನು ಮಗ್ಗುಲಾಯಿತು. ಐದನೆಯ ದಿನ ಇನ್ನೊಂದು. ಎಂಟನೆಯ ದಿನ ಟ್ಯಾಂಕು ಖಾಲಿ. ಅಂಗಡಿಯವನು ಸಾಯುವ ಮೀನನ್ನೇ ಆರಿಸಿ ಕೊಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಸೋಪಿನ ಪುಡಿಯ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ. ಅದು ನನ್ನ ಕೈಯಿಂದ ಬಿದ್ದದ್ದಲ್ಲವೇ!

ಶಾಂತಾ, “ಮಾಬುಸಾಬ್ರ ಮಾತೊಂದ ಸಲ ಕೇಳಿ ನೋಡ್ರಿ, ಕೇಳಿದ್ರ ಕಿವಿ ಏನ ಉದರಿ ಬೀಳಂಗಿಲ್ಲ” ಎಂದಳು. ಕೇಳಿದೆ. ಮನಸ್ಸಿನಿಂದಲ್ಲ, ಅವರ ಮೋಸ ಹಿಡಿಯಲೆಂದು. ಇಪ್ಪತ್ತು ದಿನ ಮೀನಿಲ್ಲದ ನೀರಿನ ಮುಂದೆ ಕುರ್ಚಿ ಹಾಕಿ ಕೂತೆ. ಗಾಳಿ ಪಂಪು ಬುಳುಬುಳು ಎನ್ನುತ್ತಿತ್ತು. ಬಂದವರು ಟ್ಯಾಂಕಿನೊಳಗೆ ಇಣುಕಿ, ನನ್ನ ಮುಖ ನೋಡಿ, ಒಳಗೆ ಹೋಗಿ ಶಾಂತಾಳ ಜೊತೆ ಪಿಸುಗುಟ್ಟುತ್ತಿದ್ದರು.

ಇಪ್ಪತ್ತೊಂದನೆಯ ದಿನ ಮಾಬುಸಾಬರು ಆರು ಮೋಲಿ ಕೊಟ್ಟರು. ಆರೂ ಕಪ್ಪು. ನಮ್ಮ ಎರೆಹೊಲದ ಮಣ್ಣು ಮಳೆಯಲ್ಲಿ ನೆನೆದಾಗ ಇರುವ ಕಪ್ಪು. ಚೀಲವನ್ನು ಒಡನೆ ಸುರಿಯಬಾರದು, ಅರ್ಧ ತಾಸು ಟ್ಯಾಂಕಿನ ನೀರಿನಲ್ಲಿ ತೇಲಿಬಿಟ್ಟು ಆಮೇಲೆ ಮೀನನ್ನು ಒಳಗೆ ಬಿಡಬೇಕು ಎಂದರು. ನೀರನ್ನು ವಾರಕ್ಕೊಮ್ಮೆ ಕಾಲುಭಾಗ ಮಾತ್ರ ಬದಲಿಸಬೇಕು, ನಳದ ನೀರನ್ನು ಒಂದು ದಿನ ಬಕೀಟಿನಲ್ಲಿ ಇಟ್ಟೇ ಹಾಕಬೇಕು, ಸೋಪು ಎಂಬುದನ್ನು ಮನೆಯಲ್ಲಿದ್ದರೂ ಟ್ಯಾಂಕಿನ ಕಡೆ ತರಬಾರದು ಎಂದರು. ಕೊನೆಗೆ ಮೀನಿನ ಕಾಳಿನ ಒಂದು ಡಬ್ಬಿ ಕೊಟ್ಟು, “ತಿನ್ನಾಕ ಒಂದ ಚಿವಟಿ, ದಿನಕ್ಕ ಒಮ್ಮೆ. ಎರಡ ಮಿನಿಟಿನ್ಯಾಗ ತಿಂದ ಮುಗಸಬೇಕು, ಅಷ್ಟ. ಅವು ಬೇಡತಾವು, ನೀವ ಕೊಡಬ್ಯಾಡ್ರಿ” ಎಂದರು.

ಉಳಿದದ್ದನ್ನೆಲ್ಲ ಪಾಲಿಸಿದೆ. ಈ ಕೊನೆಯದನ್ನು ಪಾಲಿಸಲಿಲ್ಲ.

ಯಾಕೆಂದು ಹೇಳುವುದು ಸ್ವಲ್ಪ ನಾಚಿಕೆಯ ವಿಷಯ. ಒಂದು ವಾರದಲ್ಲಿ ಆ ಆರು ಮೀನಿಗೆ ನನ್ನ ಗುರುತು ಹತ್ತಿತು. ನಾನು ಕೋಣೆಯೊಳಗೆ ಕಾಲಿಟ್ಟರೆ ಸಾಕು, ಆರೂ ಗಾಜಿನ ಈ ಬದಿಗೆ ಓಡಿ ಬಂದು ಬಾಲ ಬಡಿಯುತ್ತಿದ್ದವು. ನೀವು ಯೋಚಿಸಿ ನೋಡಿ. ಮೂವತ್ತು ವರ್ಷ ನಾನು ಎಲ್ಲಿ ಹತ್ತಿದರೂ ಮಂದಿ ಮುಖ ತಿರುಗಿಸಿದ್ದಾರೆ. ಮಕ್ಕಳಿಲ್ಲದ ಮನೆ ನಮ್ಮದು, ಬಾಗಿಲಿಗೆ ಓಡಿ ಬರುವವರು ಯಾರೂ ಇರಲಿಲ್ಲ. ನನ್ನ ಮುಖ ಕಂಡು ಹತ್ತಿರ ಬಂದ ಜೀವಗಳು ಇವೇ ಮೊದಲು. ಬೆಳಿಗ್ಗೆ ಒಂದು ಚಿವುಟಿ ಹಾಕಿದೆ. ಹತ್ತು ಗಂಟೆಗೆ ಮತ್ತೆ ಬಂದವು, ಮತ್ತೊಂದು ಹಾಕಿದೆ. ಊಟ ಮುಗಿಸಿ ಎದ್ದಾಗ ಒಂದು, ಚಹಾದ ಹೊತ್ತಿಗೆ ಒಂದು. ಮಾಬುಸಾಬರಿಗೆ ಮೀನನ್ನು ಹಸಿವಿನಲ್ಲಿಡುವ ಜಿಪುಣತನ ಎಂದು ಅದಕ್ಕೂ ಒಂದು ಅರ್ಥ ಹಚ್ಚಿಕೊಂಡೆ.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ನೀರು ಕನ್ನಡಿಯಂತೆ ಇರುತ್ತಿತ್ತು. ನನ್ನ ಪದ್ಧತಿಯೇ ಸರಿ ಎಂದು ಬೀಗುತ್ತಿದ್ದೆ.

ಆದರೆ ಕೆಲವು ಸಣ್ಣ ವಿಷಯಗಳು ನನ್ನ ಕಣ್ಣಿಗೆ ಬೀಳತೊಡಗಿದವು. ಮಧ್ಯಾಹ್ನ ನಾನು ಸ್ವಲ್ಪ ಹೊತ್ತು ಅಡ್ಡಾಗುತ್ತಿದ್ದೆ. ಎದ್ದು ಬಂದಾಗ ಟ್ಯಾಂಕಿನ ಮುಚ್ಚಳ ನಾನು ಇಟ್ಟಂತೆ ಇರುತ್ತಿರಲಿಲ್ಲ, ಒಂದು ಬೆರಳು ಸರಿದಿರುತ್ತಿತ್ತು. ನೆಲದ ಮೇಲೆ ನೀರಿನ ಎರಡು ಹನಿ. ಅಕ್ಕನ ಸೆರಗಿನ ತುದಿ ಒದ್ದೆ. ಒಮ್ಮೆ ಶಾಂತಾ ಚಹಾ ಕುಡಿಯುತ್ತ ಮುಖ ಕಿವುಚಿ, “ಚಾದಾಗ ಏನೋ ವಾಸನಿ ಬರಾಕತ್ತೈತಿ” ಎಂದಳು. ಅಕ್ಕ ತಲೆ ಎತ್ತದೆ ತನ್ನ ಬಟ್ಟಲನ್ನು ಖಾಲಿ ಮಾಡಿದಳು. ಅವಳು ಬಹಳ ಶಾಂತವಾಗಿದ್ದಳು. ಹೊಲ ನೋಡುವವರಷ್ಟು ಶಾಂತವಾಗಿ.

ಸಂಶಯ ಎಂಬುದು ಒಮ್ಮೆ ಒಳಗೆ ಬಂದರೆ ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ. ನಾನು ಅಕ್ಕನನ್ನು ಗಮನಿಸತೊಡಗಿದೆ. ಪೇಪರು ಓದುವಂತೆ ಹಿಡಿದು ಅದರ ಮೇಲಿಂದ ನೋಡುತ್ತಿದ್ದೆ. ಅವಳು ಟ್ಯಾಂಕಿನ ಮುಂದೆ ನಿಂತು ಮೀನುಗಳ ಕಡೆ ನೋಡಿ ತುಟಿ ಅಲ್ಲಾಡಿಸುತ್ತಿದ್ದಳು. ಶಾಪ ಹಾಕುತ್ತಿದ್ದಾಳೋ ಎನಿಸಿತು. ಎದ್ದು ಹೋಗಿ ನಿಂತರೆ ಸರಿದು ಒಳಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಯರಗುಪ್ಪಿಯಲ್ಲಿ ಬೀಗರ ಮನೆಯ ಕೂಸಿನ ತೊಟ್ಟಿಲ ಕಾರ್ಯ ಬಂತು. ಅಕ್ಕ ನಾಲ್ಕು ದಿನ ಅಲ್ಲಿಗೆ ಹೋದಳು. ಆ ನಾಲ್ಕು ದಿನ ಮೀನಿಗೆ ಏನೂ ಆಗಲಿಲ್ಲ. ಖುಷಿಯಿಂದ ಅವಕ್ಕೆ ಇನ್ನಷ್ಟು ಹಾಕಿದೆ. ಸೋಮವಾರ ಸಂಜೆ ಅಕ್ಕ ಮರಳಿ ಬಂದಳು. ಮಂಗಳವಾರ ಬೆಳಿಗ್ಗೆ ಎರಡು ಮೋಲಿ ಸತ್ತು ತೇಲುತ್ತಿದ್ದವು.

ನೀವು ನನ್ನ ಜಾಗದಲ್ಲಿದ್ದರೆ ಏನು ತಿಳಿಯುತ್ತಿದ್ದಿರಿ? ಅವಳು ಇಲ್ಲದಾಗ ಮೀನು ಬದುಕಿದವು, ಬಂದ ಮರುದಿನ ಸತ್ತವು. ಜೊತೆಗೆ ಮೊದಲ ದಿನ ಅವಳೇ ಹೇಳಿದ ಆ ಮಾತು. ಎಲ್ಲ ಎಷ್ಟು ಸರಿಯಾಗಿ ಕೂಡಿ ಬಂತೆಂದರೆ, ಅದರಲ್ಲಿ ತಪ್ಪಿರಬಹುದು ಎಂದು ಅನ್ನಿಸಲೇ ಇಲ್ಲ.

ಅವತ್ತು ಮಧ್ಯಾಹ್ನ ನಿದ್ದೆ ಬಂದವನಂತೆ ಮಲಗಿ, ಗಡಿಯಾರ ನೋಡಿ, ಚಪ್ಪಲಿ ಹಾಕದೆ ಬಂದೆ. ಅಕ್ಕ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕೈಯನ್ನು ಮೊಣಕೈ ತನಕ ನೀರಿನಲ್ಲಿ ಇಳಿಬಿಟ್ಟಿದ್ದಳು.

“ಏನ ಮಾಡಾಕತ್ತಿ?” ಎಂದೆ. ಮೂವತ್ತು ವರ್ಷ ಪಳಗಿದ ಆ ದನಿಯಲ್ಲಿ.

ಅವಳು ಬೆಚ್ಚಿದಳು. ಕೈ ಮೇಲೆತ್ತಿದಳು. ಕೈಯಲ್ಲಿ ಚಹಾ ಸೋಸುವ ಜಾಲರಿ.

“ನೀರಾಗ ಏನ ಹಾಕಿದಿ?”

“ಹಾಕಿಲ್ಲ. ತಗದೀನಿ.”

“ಏನ ತಗದಿ?”

ಅವಳು ಇನ್ನೊಂದು ಕೈ ಬಿಡಿಸಿ ತೋರಿಸಿದಳು. ಅಂಗೈಯಲ್ಲಿ ಕಂದು ಬಣ್ಣದ ಲೋಳೆಯಂಥದು ಒಂದು ಮುದ್ದೆ, ಗಬ್ಬು ವಾಸನೆ. “ನಿನ್ನ ಮೀನಿನ ಹೊಲಸ” ಎಂದಳು.

“ಹೊಲಸೋ, ನೀ ಹಾಕಾಕ ತಂದ ವಿಷಾನೋ? ನಿನ್ನಿ ಬಂದಿ, ಇವತ್ತ ಎರಡ ಸತ್ತಾವ. ನನಗ ತಿಳಿಯೂದಿಲ್ಲ ಅಂತ ಮಾಡೀಯೇನ?”

ಹೇಳಿದ್ದು ಕಿವಿಗೆ ಬಿದ್ದಾಗ ನನಗೇ ಒಂದು ಕ್ಷಣ ಹೇಗೋ ಆಯಿತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ನನಗೆ ಗೊತ್ತಿರಲಿಲ್ಲ. ಆ ಮುದ್ದೆಯನ್ನು ಅವಳ ಅಂಗೈಯಿಂದ ಒಂದು ಪೇಪರಿನ ಚೂರಿಗೆ ಬಳಿದುಕೊಂಡೆ. ಮಾಬುಸಾಬರಿಗೆ ತೋರಿಸಲು. ಅಕ್ಕ ಕೈ ಚಾಚಿಯೇ ನಿಂತಿದ್ದಳು, ನಾನು ಪೂರ್ತಿ ಬಳಿದುಕೊಳ್ಳುವ ತನಕ. ನಂತರ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆಯುವ ಸಪ್ಪಳ ಕೇಳಿಸಿತು.

ಮರುದಿನ ಬೆಳಿಗ್ಗೆ ಅವಳ ಕೈಚೀಲ ಪಡಸಾಲೆಯಲ್ಲಿ ಇತ್ತು. ಶಾಂತಾ ಅಳುತ್ತ ಚೀಲ ಹಿಡಿದುಕೊಂಡು, “ಯಕ್ಕಾ, ಬ್ಯಾಡ್ರಿ, ಎಲ್ಲಿ ಹೊಂಟ್ರಿ?” ಎಂದಳು.

ಅಕ್ಕ ಚೀಲ ಬಿಡಿಸಿಕೊಂಡಳು. “ನಾಕ ದಿನಕ್ಕಂತ ಬಂದಿದ್ದೆ ಶಾಂತವ್ವಾ. ನಾಕ ದಿನ ಆತು” ಎಂದಳು. ನನ್ನ ಕಡೆ ನೋಡಲಿಲ್ಲ. ತಂಬೂರಿಗೆ ಹೋಗಲು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು, ಆ ಮೊಣಕಾಲಿನಲ್ಲಿ ಮೆಟ್ಟಿಲು ಹತ್ತಬೇಕು. ಎಲ್ಲ ನನಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ತನಕವೂ ನಾನು ಹೋಗಲಿಲ್ಲ.

ಇನ್ನು ಮೇಲೆ ಮೀನು ಸಾಯುವುದಿಲ್ಲ ಎಂದು ಕಾದೆ. ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತು. ನಾಲ್ಕನೆಯ ದಿನ ಒಂದು ಸತ್ತಿತು, ಆರನೆಯ ದಿನ ಇನ್ನೊಂದು. ಶಾಂತಾ ತಟ್ಟೆಯನ್ನು ಸಪ್ಪಳ ಮಾಡಿ ಇಡುವುದನ್ನು ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡುತ್ತಿರಲಿಲ್ಲ. ಉಳಿದ ಎರಡು ಮೋಲಿ ಮೇಲ್ಗಡೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದವು. ನನ್ನನ್ನು ಕಂಡು ಓಡಿಯೂ ಬರುತ್ತಿರಲಿಲ್ಲ. ಈಗ ಸಂಶಯ ಪಡಲು ಮನೆಯಲ್ಲಿ ಯಾರು ಉಳಿದಿದ್ದರು? ಹೆಂಡತಿಯನ್ನು ಒಂದು ಮಧ್ಯಾಹ್ನ ಗಮನಿಸಿದೆ, ಸುಳ್ಳು ಹೇಳುವುದಿಲ್ಲ. ಅವಳು ಟ್ಯಾಂಕಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಪೇಪರಿನ ಚೂರನ್ನು ಕಿಸೆಯಲ್ಲಿಟ್ಟುಕೊಂಡು ಮಾಬುಸಾಬರ ಬಳಿ ಹೋದೆ. ಒಣಗಿ ಅಂಟಿಕೊಂಡಿದ್ದ ಅದನ್ನು ಅವರು ಉಗುರಿನಿಂದ ಕೆರೆದು, ಒಂದು ಹನಿ ನೀರು ಹಾಕಿ ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

“ಇದರಾಗ ವಿಷ ಏನರ ಐತೇನ್ರಿ?” ಎಂದೆ.

“ವಿಷ ಎಲ್ಲೀದ್ರಿ? ಇದು ನಾನ ಕೊಟ್ಟಿದ್ದ ಕಾಳು. ತಿನ್ನದ ಉಳದು ತಳದಾಗ ಕೊಳತೈತಿ. ನಡ್ರಿ, ಮನಿಗೆ ಹೋಗೂಣು.”

ಬಂದರು. ಟ್ಯಾಂಕಿನ ಮುಂದೆ ಮಂಡಿಯೂರಿ ಕೂತು ತಳ ನೋಡಿದರು. ಉಸುಕಿನ ಮೇಲೆ ಒಂದು ಬೆರಳು ದಪ್ಪ ಕಂದು ಪದರ. ಹತ್ತಿಯಂಥ ಬಿಳಿ ಬೂಸಲು ಎದ್ದಿತ್ತು. ನಾನು ಅದನ್ನು ನೋಡಿರಲೇ ಇಲ್ಲ. ನೋಡುವುದೇ ನನ್ನ ಕಸುಬಾಗಿತ್ತು, ಆದರೂ ನಾನು ನೋಡಿದ್ದು ಬರೀ ಮಂದಿಯ ಕೈಗಳನ್ನು.

“ದಿನಕ್ಕ ಎಷ್ಟ ಸರತಿ ಹಾಕ್ತೀರಿ?”

“ನಾಕ. ಒಮ್ಮೊಮ್ಮೆ ಐದು.”

ಅವರು ತಿರುಗಿ ನನ್ನನ್ನು ನೋಡಿದರು. “ಇಷ್ಟ ಹಾಕಿದ್ರ ಈ ಮೀನ ಎಂಟ ದಿನಾನೂ ಬಾಳಬಾರದಾಗಿತ್ತು. ನಿಮ್ಮುವು ಎರಡ ತಿಂಗಳ ಬಾಳ್ಯಾವ. ಉಳದದ್ದನ್ನ ಯಾರೋ ದಿನಾ ಎತ್ತತಿದ್ರು ನೋಡ್ರಿ. ಹಗೂರಕ, ನೀರ ಕದಡದಂಗ. ನೀವಾ?”

“ಅಲ್ಲರಿ” ಎಂದೆ.

“ಮತ್ತ ಯಾರು? ಅವರನ್ನ ಕರೀರಿ. ಅವ್ರಿಗೆ ಮೀನ ಸಾಕೂದು ಬರತೈತಿ.”

ಬಾಗಿಲಲ್ಲಿ ನಿಂತಿದ್ದ ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಎಲ್ಲ ಸಾಕ್ಷಿಗಳೂ ನನ್ನ ಕಣ್ಣ ಮುಂದೆ ಒಂದೊಂದಾಗಿ ತಿರುಗಿ ನಿಂತವು. ಸರಿದ ಮುಚ್ಚಳ, ಒದ್ದೆ ಸೆರಗು, ಚಹಾದ ವಾಸನೆ. ಅವಳು ಯರಗುಪ್ಪಿಗೆ ಹೋದ ನಾಲ್ಕು ದಿನ ತೆಗೆಯುವವರು ಇಲ್ಲದೆ ತಳದಲ್ಲಿ ಕೊಳೆತದ್ದು, ಅವಳು ಬಂದ ಮರುದಿನ ಕೊಂದಿತ್ತು.

ಮಾಬುಸಾಬರು ತಮ್ಮ ಮನೆಯಿಂದ ಹಳೆಯ ನೀರು ಒಂದು ಬಕೀಟು ತಂದು, ತಳದ ಹೊಲಸನ್ನು ನಳಿಕೆಯಿಂದ ಎಳೆದು ತೆಗೆದು, ಉಳಿದೆರಡು ಮೀನುಗಳನ್ನು ಉಳಿಸಿ ಹೋದರು.

ಮರುದಿನ ತಂಬೂರಿಗೆ ಹೋದೆ. ಕಲಘಟಗಿಯಿಂದ ಮುಂದೆ ಹೋಗುವ ಬಸ್ಸಿನಲ್ಲಿ ನಾನೂ ಹೊಲ ನೋಡುತ್ತ ಕೂತೆ. ಎರೆ ಮುಗಿದು ಭತ್ತದ ಗದ್ದೆ ಶುರುವಾಗುವುದು ಅಲ್ಲಿ ಕಾಣುತ್ತದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಮಹಾದೇವಿಯ ಮನೆಯ ಕಟ್ಟೆ ಕಂಡೊಡನೆ ಎಲ್ಲ ಹಾರಿಹೋಯಿತು. ಅಕ್ಕ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

“ನೀರ ಕುಡಿ” ಎಂದಳು. ಕುಡಿದೆ.

“ಅಕ್ಕಾ, ತಪ್ಪಾತು.”

ಅವಳು ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು.

“ಮೀನ ಎಷ್ಟ ಉಳದಾವ?”

“ಎರಡು.”

“ಹೂಂ.”

“ನೀ ನನಗ ಹೇಳಬೇಕಾಗಿತ್ತಕ್ಕಾ. ಇಷ್ಟ ಹಾಕಬ್ಯಾಡ, ಕೊಳಿತೈತಿ ಅಂತ ಒಂದ ಮಾತ ಅಂದಿದ್ರ...” ಕ್ಷಮೆ ಕೇಳಲು ಹೋದವನು ಅಲ್ಲಿಯೂ ತಪ್ಪನ್ನು ಅವಳ ಕಡೆಗೆ ಸ್ವಲ್ಪ ಜರುಗಿಸಿದೆ, ನೋಡಿ.

ಆಗ ಅವಳು ಮೊರವನ್ನು ಕೆಳಗಿಟ್ಟಳು. “ನೀ ಅವಕ್ಕ ತಿನ್ನಾಕ ಹಾಕೂ ಮುಂದ ನಿನ್ನ ಮಾರಿ ನೋಡಿದ್ದೆ. ಸಣ್ಣಾಂವ ಇದ್ದಾಗ ಹಂಗ ಇತ್ತದು. ಆಮ್ಯಾಲ ನಾ ನೋಡೇ ಇದ್ದಿಲ್ಲ. ಬ್ಯಾಡಂತ ಹ್ಯಾಂಗ ಹೇಳ್ಲಿ? ನೀ ಹಾಕ್ತಿ, ನಾ ತಗೀತೇನಿ, ನಡೀತೈತಿ ಅಂತ ಬಿಟ್ಟೆ.”

ಅವಳು ಮತ್ತೆ ಮೊರ ಕೈಗೆತ್ತಿಕೊಂಡಳು.

“ನೀ ಕೇಳಿದ್ದಕ್ಕ ನನಗ ಸಿಟ್ಟಿಲ್ಲ ತಮ್ಮಾ,” ಅವಳು ಮುಂದುವರಿಸಿದಳು. “ಕೇಳಿದಿ, ಹಾಕಿಲ್ಲ ತಗದೀನಿ ಅಂತ ನಾ ಖರೇ ಹೇಳಿದೆ. ಹೇಳಿದ ಮ್ಯಾಲೂ ನೀ ಕೈ ನೋಡಿದಿ. ಅದ ಒಂದ ನನಗ ನೋವಾತು.”

ಅಂದು ಕರೆದರೂ ಅವಳು ನನ್ನ ಜೊತೆ ಬರಲಿಲ್ಲ. ರೊಟ್ಟಿ ಊಟ ಮಾಡಿಸಿ, ಬಸ್ಸಿನ ಹೊತ್ತಿಗೆ ಕಳಿಸಿದಳು. “ಬಾ” ಎಂದು ನಾನೂ ಎರಡನೆಯ ಸಲ ಕರೆಯಲಿಲ್ಲ. ಕರೆಯುವ ಹಕ್ಕು ಉಳಿದಿದೆ ಅನ್ನಿಸಲಿಲ್ಲ.

ಆ ನಂತರದ ದಿನಗಳಲ್ಲಿ ನಾನು ಕಲಿತದ್ದು ಒಂದೇ. ದಿನಕ್ಕೊಮ್ಮೆ ಒಂದು ಚಿವುಟಿ ಹಾಕಿ, ಆಮೇಲೆ ಕೈ ಕಟ್ಟಿಕೊಂಡು ನಿಲ್ಲುವುದು. ಆ ಎರಡು ಮೋಲಿ ಚೇತರಿಸಿಕೊಂಡು ಮತ್ತೆ ಗಾಜಿಗೆ ಓಡಿ ಬಂದು ಬೇಡುತ್ತಿದ್ದವು. ಕೊಡದೆ ಇರುವುದು ಎಷ್ಟು ಕಷ್ಟ ಎಂದು ಸಾಕಿದವರಿಗೇ ಗೊತ್ತು. ಮಧ್ಯಾಹ್ನ ಜಾಲರಿ ಹಿಡಿದು ತಳದಲ್ಲಿ ಉಳಿದದ್ದನ್ನು ತೆಗೆಯುತ್ತಿದ್ದೆ. ಶಾಂತಾ ಅದಕ್ಕೆಂದೇ ಬೇರೆ ಜಾಲರಿ ತಂದುಕೊಟ್ಟಿದ್ದಳು. ಕೈ ಎಷ್ಟು ಮೆಲ್ಲಗೆ ಆಡಿಸಿದರೂ ನೀರು ಕದಡುತ್ತಿತ್ತು. ಅಕ್ಕ ಹೇಗೆ ತೆಗೆಯುತ್ತಿದ್ದಳೋ.

ಒಂದು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲ ಸಪ್ಪಳವಾಯಿತು. ಅಕ್ಕ ಚೀಲದೊಡನೆ ನಿಂತಿದ್ದಳು. ಮೊಣಕಾಲು ಹಿಡಿದುಕೊಂಡು ಹೊಸ್ತಿಲು ದಾಟಿ, ನೇರ ಟ್ಯಾಂಕಿನ ಬಳಿಗೆ ಹೋಗಿ ಬಗ್ಗಿ ನೋಡಿದಳು. ಉಸುಕಿನ ಮೇಲೆ, ಮಾಬುಸಾಬರು ಕೊಟ್ಟ ನೀರುಗಿಡದ ಎಲೆಯ ಕೆಳಗೆ, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡವು ಏಳೆಂಟು ಕಪ್ಪು ಮರಿಗಳು ಓಡಾಡುತ್ತಿದ್ದವು.

“ಇವ ಯಾವಾಗ ಆದುವು?”

“ನಿನ್ನಿ ನೋಡೀನಿ.”

“ತಾಯಿ ತಿಂದಗಿಂದೀತು, ಬ್ಯಾರೆ ತಗದ ಇಡು,” ಎಂದು ಚೀಲವನ್ನು ತನ್ನ ಕೋಣೆಯಲ್ಲಿ ಇಟ್ಟು ಬಂದಳು. ಎಷ್ಟು ದಿನ ಇರುತ್ತೇನೆಂದು ಹೇಳಲಿಲ್ಲ. ನಾವು ಕೇಳಲಿಲ್ಲ.

ಇದೆಲ್ಲ ಆಗಿ ನಾಲ್ಕು ವರ್ಷ. ಆ ಮರಿಗಳ ಮರಿಗಳು ಈಗ ನಮ್ಮ ಓಣಿಯ ಮೂರು ಮನೆಯಲ್ಲಿವೆ. ಅಕ್ಕನಿಗೆ ಕಣ್ಣು ಮಂದವಾಗಿದೆ, ಆದರೂ ಟ್ಯಾಂಕಿನ ಮುಂದಿನ ಕುರ್ಚಿ ಅವಳದು. ನನ್ನ ಸಂಶಯ ಪೂರ್ತಿ ಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಹಾಲಿನವನ ಮೇಲೆ ಇನ್ನೂ ಇದೆ. ಆದರೆ ಬಾಯಿಯ ತನಕ ಬಂದ ಪ್ರಶ್ನೆಯನ್ನು ಒಮ್ಮೊಮ್ಮೆ ನುಂಗಿಕೊಳ್ಳುತ್ತೇನೆ.

ನಿನ್ನೆ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಟ್ಯಾಂಕು ನೋಡಿದರೆ, ಅವಳಿಗೆ ಬಹಳ ಇಷ್ಟವಾದ, ಬೆನ್ನಿನ ಮೇಲೆ ದೊಡ್ಡ ರೆಕ್ಕೆಯ ಮೋಲಿ ಸತ್ತಿತ್ತು. ನೀರು ತಿಳಿಯಾಗಿತ್ತು, ತಳ ಸ್ವಚ್ಛ, ಉಳಿದವೆಲ್ಲ ಆರಾಮ. ಕಾರಣ ನನಗೂ ತಿಳಿಯಲಿಲ್ಲ. ಎತ್ತಿ ಎಲ್ಲಾದರೂ ಹಾಕಿಬಿಟ್ಟರೆ ಅವಳ ಮಂದ ಕಣ್ಣಿಗೆ ಗೊತ್ತಾಗಲಿಕ್ಕಿಲ್ಲ ಎಂದು ಒಮ್ಮೆ ಅನ್ನಿಸಿತು. ಹಾಗೆ ಮಾಡಲಿಲ್ಲ. ಅವಳು ವಿಭೂತಿ ಹಚ್ಚಿಕೊಂಡು ಬಂದು ಕೂತಾಗ ಎದುರಿಗೆ ನಿಂತು ಹೇಳಿದೆ.

“ಅಕ್ಕಾ, ನಿನ್ನ ದೊಡ್ಡದ ಹೋತು.”

ಅವಳು ತಲೆ ಎತ್ತಿದಳು. “ನೀ ಏನರ ಮಾಡಿದ್ಯಾ?”

“ಇಲ್ಲಕ್ಕಾ. ನಿನ್ನಿನೂ ಒಂದ ಚಿವಟಿನ ಹಾಕೀನಿ.”

ಸೋಸುವ ಜಾಲರಿ ಅವಳ ಕೈಯಳತೆಯಲ್ಲೇ ಇತ್ತು. ತಳ ಬಗ್ಗಿ ನೋಡಬಹುದಿತ್ತು. ಕಾಳಿನ ಡಬ್ಬಿ ಅಲ್ಲಾಡಿಸಿ ನೋಡಬಹುದಿತ್ತು. ಶಾಂತಾಳನ್ನು ಕರೆದು ಕೇಳಬಹುದಿತ್ತು. ನಾನಾಗಿದ್ದರೆ ಈ ಎಲ್ಲವನ್ನೂ ಮಾಡುತ್ತಿದ್ದೆ.

“ಹೌದೇನ,” ಎಂದಳು ಅಕ್ಕ. “ಆತು ಬಿಡು. ವಯಸ್ಸಾಗಿತ್ತದಕ್ಕ.”

ಅಷ್ಟೇ. ನನ್ನ ಬಾಯಿಂದ ಬಂದ ಮಾತನ್ನು ಅವಳು ಹಾಗೆಯೇ ತೆಗೆದುಕೊಂಡುಬಿಟ್ಟಳು. ನಾನು ಇನ್ನೂ ನಿಂತೇ ಇದ್ದೆ, ಮುಂದಿನ ಪ್ರಶ್ನೆಗೆ ಕಾಯುತ್ತ. ಅದು ಬರಲಿಲ್ಲ.